ಕೋಚ್ ಬಿಗಿ ಹಿಡಿಯಬೇಕಾ, ಸಡಿಲ ಬಿಡಬೇಕಾ? ಐಸ್ ಹಾಕಿಯ ತೀರದ ಜಗಳ

2022ರ ಜೂನ್‌ನಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡ ತನ್ನ ಕೋಚ್ ಬ್ರೂಸ್ ಕ್ಯಾಸಿಡಿಯನ್ನು ಕೆಲಸದಿಂದ ತೆಗೆಯಿತು. ಸೋತಿದ್ದಕ್ಕೆ ತೆಗೆದರು ಅಂದುಕೊಳ್ಳಬೇಡಿ. ಅವರು ಇದ್ದ ಆರೂ ಸೀಸನ್‌ಗಳಲ್ಲಿ ತಂಡ ಪ್ಲೇಆಫ್ ತಲುಪಿತ್ತು, 2019ರಲ್ಲಿ ಫೈನಲ್‌ನ ಏಳನೇ ಪಂದ್ಯದವರೆಗೂ ಹೋಗಿತ್ತು (ಪ್ಲೇಆಫ್‌ನ ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ). ಕೇಳಿಬಂದ ಕಾರಣ ಬೇರೆ. ಮನುಷ್ಯ ತುಂಬಾ ಬಿಗಿ, ತಪ್ಪು ಮಾಡಿದವರನ್ನು ಬಿಡುವುದೇ ಇಲ್ಲ, ಪತ್ರಕರ್ತರ ಮುಂದೆಯೂ ಮುಖ ನೋಡದೆ ಹೇಳಿಬಿಡುತ್ತಾರೆ, ಎಳೆಯ ಆಟಗಾರರು ಅವರ ಮಾತು ಕೇಳಿ ಕೇಳಿ ಬಳಲಿಹೋಗಿದ್ದಾರೆ ಅನ್ನುವುದು. ಅವರ ಜಾಗಕ್ಕೆ ಜಿಮ್ ಮಾಂಟ್ಗೊಮರಿ ಬಂದರು.

ಮಾಂಟ್ಗೊಮರಿ ತಪ್ಪು ಮಾಡಿದ ಹುಡುಗನ ಬೆನ್ನು ತಟ್ಟಿ ಮತ್ತೆ ಐಸ್ ಮೇಲೆ ಕಳಿಸುವ ಥರದವರು. ಅವರ ಮೊದಲ ಸೀಸನ್‌ನಲ್ಲಿ ಬಾಸ್ಟನ್ 82 ಪಂದ್ಯಗಳಲ್ಲಿ 65 ಗೆದ್ದು 135 ಪಾಯಿಂಟ್ ಮಾಡಿತು. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಶುರುವಾಗಿದ್ದು 1917ರಲ್ಲಿ. ಅಲ್ಲಿಂದ ಅಲ್ಲಿಯವರೆಗೆ ಯಾವ ತಂಡವೂ ಒಂದು ಸೀಸನ್‌ನಲ್ಲಿ ಅಷ್ಟು ಮಾಡಿರಲಿಲ್ಲ. ಸಡಿಲ ಬಿಟ್ಟರೆ ಆಟ ಅರಳುತ್ತದೆ ಅನ್ನುವವರಿಗೆ ಇನ್ನೇನು ಸಾಕ್ಷಿ ಬೇಕು ಹೇಳಿ? ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ, 3-1ರಿಂದ ಮುಂದಿದ್ದ ಸರಣಿಯಲ್ಲಿ, ತಮ್ಮದೇ ಊರಲ್ಲಿ ನಡೆದ ಏಳನೇ ಪಂದ್ಯದ ಓವರ್‌ಟೈಮ್‌ನಲ್ಲಿ, ಅವರು ಫ್ಲಾರಿಡಾ ಪ್ಯಾಂಥರ್ಸ್ ಕೈಲಿ ಸೋತು ಮನೆಗೆ ಹೋದರು. ಅದೇ ಫ್ಲಾರಿಡಾ ಫೈನಲ್ ತನಕ ನಡೆಯಿತು. ಫೈನಲ್‌ನಲ್ಲಿ ಅವರನ್ನು ಹೊಡೆದು ಲೀಗಿನ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಎತ್ತಿದ್ದು ವೇಗಸ್ ಗೋಲ್ಡನ್ ನೈಟ್ಸ್. ವೇಗಸ್ ಕೋಚ್ ಯಾರು ಅಂತೀರಾ? ಬಾಸ್ಟನ್ ಕೈಬಿಟ್ಟ ಎಂಟೇ ದಿನಕ್ಕೆ ಅಲ್ಲಿಗೆ ಸೇರಿಕೊಂಡಿದ್ದ ಅದೇ ಬ್ರೂಸ್ ಕ್ಯಾಸಿಡಿ.

ಈ ಒಂದು ವರ್ಷದ ಕಥೆಯನ್ನು ಯಾರ ಮುಂದೆ ಹೇಳಿದರೂ ಅವರವರಿಗೆ ಬೇಕಾದ ಅರ್ಥ ಅವರವರು ತೆಗೆದುಕೊಳ್ಳುತ್ತಾರೆ. ಬಿಗಿ ಕೋಚ್ ಪರ ಇರುವವರು ಕಪ್ ತೋರಿಸುತ್ತಾರೆ, ಸಡಿಲ ಕೋಚ್ ಪರ ಇರುವವರು ದಾಖಲೆ ತೋರಿಸುತ್ತಾರೆ. ನನಗೆ ಅನ್ನಿಸುವುದು, ಇಬ್ಬರೂ ಕೋಚ್‌ನ ದನಿ ಎಷ್ಟು ಜೋರು ಅಂತ ಅಳೆಯುತ್ತಿದ್ದಾರೆ. ಅಳೆಯಬೇಕಾದ್ದು ಬೇರೆ ಇದೆ. ಅದು ಅರ್ಥವಾಗಬೇಕಾದರೆ ಮೊದಲು ಈ ಆಟ ಹೇಗೆ ನಡೆಯುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಹಾಕಿ ಅಂದರೆ ನಮಗೆ ಟರ್ಫ್ ಮೇಲಿನ ಆಟ, ಕೊಡಗಿನ ಆಟ. ಇದು ಅದರ ದೂರದ ನೆಂಟ. ಮಂಜುಗಡ್ಡೆಯ ಅಂಗಳ, ಕಾಲಲ್ಲಿ ಸ್ಕೇಟ್ಸ್, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಅನ್ನುತ್ತಾರೆ. ತಲಾ 20 ನಿಮಿಷದ ಮೂರು ಅವಧಿ. ಒಂದು ತಂಡದಿಂದ ಐಸ್ ಮೇಲೆ ಆರು ಜನ, ಅದರಲ್ಲಿ ಒಬ್ಬ ಗೋಲಿ, ಅಂದರೆ ಗೋಲು ಕಾಯುವವನು. ಆದರೆ ಪಂದ್ಯಕ್ಕೆ ಅಂತ ಬಟ್ಟೆ ತೊಟ್ಟು ಕೂರುವವರು 20 ಜನ: ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್, 2 ಗೋಲಿ. ಸ್ಕೇಟ್ ಮಾಡಿಕೊಂಡು ಪೂರ್ತಿ ವೇಗದಲ್ಲಿ ನುಗ್ಗುವುದು ಎಷ್ಟು ಸುಸ್ತಿನ ಕೆಲಸ ಅಂದರೆ, ಯಾವ ಆಟಗಾರನೂ ಒಂದೇ ಸಲಕ್ಕೆ 40-50 ಸೆಕೆಂಡಿಗಿಂತ ಜಾಸ್ತಿ ಹೊತ್ತು ಜೋರಾಗಿ ಆಡಲಾರ. ಅಷ್ಟು ಆಡಿ ಬೆಂಚಿಗೆ ಬರುತ್ತಾನೆ, ಇನ್ನೊಬ್ಬ ಬೇಲಿ ಹಾರಿ ಒಳಗೆ ಹೋಗುತ್ತಾನೆ. ಆಟ ನಿಲ್ಲುವುದಿಲ್ಲ, ಅಂಪೈರನ್ನು ಕೇಳಬೇಕಿಲ್ಲ. ಇದನ್ನೇ ಶಿಫ್ಟ್ ಅನ್ನುತ್ತಾರೆ. ಮೂರು ಮೂರು ಫಾರ್ವರ್ಡ್‌ಗಳ ನಾಲ್ಕು ಗುಂಪು ಇರುತ್ತವೆ, ಅವು ಲೈನ್‌ಗಳು. ಮೊದಲ ಲೈನಿನವರಿಗೆ ಒಂದು ಪಂದ್ಯದಲ್ಲಿ ಸುಮಾರು 20 ನಿಮಿಷ ಸಿಕ್ಕರೆ ನಾಲ್ಕನೇ ಲೈನಿನವರಿಗೆ ಎಂಟೋ ಹತ್ತೋ ನಿಮಿಷ.

ಈಗ ಬೆಂಚಿನ ಹಿಂದೆ ಸೂಟು ಹಾಕಿಕೊಂಡು ನಿಂತಿರುವ ಮನುಷ್ಯನನ್ನು ನೋಡಿ. ಮುಂದಿನ 45 ಸೆಕೆಂಡಿಗೆ ಯಾರು ಹೋಗಬೇಕು ಅಂತ ಕೂಗುವುದು ಅವನೇ. ಕ್ರಿಕೆಟ್‌ನಲ್ಲಿ ಟಾಸ್ ಆದ ಮೇಲೆ ಕೋಚ್ ಕೈಲಿ ಹೆಚ್ಚೇನೂ ಇರುವುದಿಲ್ಲ, ಫುಟ್‌ಬಾಲ್‌ನಲ್ಲಿ ಕೆಲವೇ ಬದಲಾವಣೆ. ಇಲ್ಲಿ ಹಾಗಲ್ಲ. ನೀನು ಪಕ್ಕನ್ನು ಅಜಾಗರೂಕತೆಯಿಂದ ಎದುರಾಳಿಗೆ ಕೊಟ್ಟೆಯಾ, ಮುಂದಿನ ಶಿಫ್ಟ್‌ನಲ್ಲಿ ನಿನ್ನ ಹೆಸರು ಕೂಗುವುದೇ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಹತ್ತು ನಿಮಿಷ ನೀನು ಬೆಂಚಿನ ಮೇಲೆ ಮುಂದೆ ನೋಡುತ್ತಾ ಕೂತಿರುತ್ತೀಯ, ಪಕ್ಕದವರು ಎದ್ದು ಹೋಗಿ ಬರುತ್ತಿರುತ್ತಾರೆ, 18 ಸಾವಿರ ಜನ ಮತ್ತು ಟಿವಿ ಕ್ಯಾಮೆರಾ ನಿನ್ನನ್ನೇ ನೋಡುತ್ತಿರುತ್ತವೆ. ಇನ್ನೂ ಜಾಸ್ತಿ ಸಿಟ್ಟು ಬಂದರೆ ಮುಂದಿನ ಪಂದ್ಯಕ್ಕೆ ಬಟ್ಟೆಯನ್ನೇ ಕೊಡುವುದಿಲ್ಲ. ಗಾಯ ಇಲ್ಲ, ಜ್ವರ ಇಲ್ಲ, ಆದರೂ ಮೇಲೆ ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡಬೇಕು. ಹೆಲ್ದಿ ಸ್ಕ್ರ್ಯಾಚ್ ಅಂತಾರೆ ಅದಕ್ಕೆ.

ಕೋಚ್‌ನ ನಿಜವಾದ ಭಾಷೆ ಇದೇ. ಐಸ್ ಮೇಲಿನ ಸಮಯ. ಕಿರುಚುವ ಕೋಚ್‌ಗೂ ಇದೇ ಭಾಷೆ, ಮೆಲ್ಲಗೆ ಮಾತಾಡುವ ಕೋಚ್‌ಗೂ ಇದೇ ಭಾಷೆ. ಸಡಿಲ ಕೋಚ್ ಅಂದರೆ ಯಾರನ್ನೂ ಕೂರಿಸದವನು ಅಂತ ಅಲ್ಲ, ಅಂಥವನು ಈ ಕೆಲಸದಲ್ಲಿ ಒಂದು ತಿಂಗಳೂ ಉಳಿಯಲಾರ. ಕೂರಿಸಿದಾಗ, ಯಾಕೆ ಕೂತಿದ್ದೇನೆ ಅಂತ ಆಟಗಾರನಿಗೆ ಗೊತ್ತಿದೆಯಾ, ಮತ್ತೆ ಎದ್ದು ಹೋಗಲು ಏನು ಮಾಡಬೇಕು ಅಂತ ಗೊತ್ತಿದೆಯಾ, ಅನ್ನುವುದರಲ್ಲಿ ವ್ಯತ್ಯಾಸ ಇದೆ.

ಬಿಗಿ ಅಂದರೆ ಎಷ್ಟು ಬಿಗಿ ಇರಬಹುದು ಅನ್ನುವುದಕ್ಕೆ ಸೋವಿಯತ್ ಒಕ್ಕೂಟಕ್ಕೆ ಹೋಗಬೇಕು. ವಿಕ್ಟರ್ ತಿಖನೊವ್ 1977ರಿಂದ ರಾಷ್ಟ್ರೀಯ ತಂಡಕ್ಕೂ ಮಾಸ್ಕೋದ ಸಿಎಸ್‌ಕೆಎಗೂ ಕೋಚ್. ಸಿಎಸ್‌ಕೆಎ ಅಂದರೆ ಸೇನೆಯ ಕ್ಲಬ್, ಆಟಗಾರರು ಲೆಕ್ಕದಲ್ಲಿ ಸೈನಿಕರು, ಹಾಗಾಗಿ ಕೋಚ್ ಮಾತು ಮೀರುವುದು ಅಂದರೆ ಮೇಲಧಿಕಾರಿಯ ಆಜ್ಞೆ ಮೀರಿದ ಹಾಗೆ. ವರ್ಷದ ಹತ್ತು ಹನ್ನೊಂದು ತಿಂಗಳು ಅವರೆಲ್ಲ ಊರ ಹೊರಗಿನ ಶಿಬಿರದಲ್ಲೇ ಇರಬೇಕಿತ್ತು. ಮದುವೆ ಆದವರು, ಮಕ್ಕಳಿದ್ದವರು, ಎಲ್ಲರೂ. ಫಲ ಸಿಗಲಿಲ್ಲ ಅಂತ ಹೇಳುವಂತಿಲ್ಲ: 1984, 1988, 1992, ಮೂರು ಒಲಿಂಪಿಕ್ ಚಿನ್ನ. ಫೆಟಿಸೊವ್, ಕಸಟೊನೊವ್, ಕ್ರುಟೊವ್, ಲರಿಯೊನೊವ್, ಮಕರೊವ್ ಐವರೂ ಸೇರಿ ಆಡುತ್ತಿದ್ದ ಆಟದ ಹಳೇ ವಿಡಿಯೋಗಳನ್ನು ಈಗಲೂ ನೋಡಬಹುದು, ಪಕ್ ಯಾರ ಕೋಲಿನ ಮೇಲೂ ಒಂದು ಸೆಕೆಂಡ್ ನಿಲ್ಲುವುದಿಲ್ಲ, ಮುಂದಿನವನು ಎಲ್ಲಿರುತ್ತಾನೆ ಅಂತ ನೋಡದೆಯೇ ಗೊತ್ತು ಅನ್ನುವ ಹಾಗೆ ಹೋಗುತ್ತಿರುತ್ತದೆ.

ಆದರೆ ಅದೇ ಬಿಗಿತನ 1980ರ ಲೇಕ್ ಪ್ಲ್ಯಾಸಿಡ್ ಒಲಿಂಪಿಕ್ಸ್‌ನಲ್ಲಿ ಅವರ ಕಾಲಿಗೇ ತೊಡರಿತು. ಅಮೆರಿಕದ ಕಾಲೇಜು ಹುಡುಗರ ವಿರುದ್ಧ ಮೊದಲ ಅವಧಿ ಮುಗಿಯಲು ಒಂದು ಸೆಕೆಂಡ್ ಇದ್ದಾಗ ಗೋಲಿ ವ್ಲಾಡಿಸ್ಲಾವ್ ಟ್ರೆಟಿಯಾಕ್ ಒಂದು ಗೋಲು ಬಿಟ್ಟುಕೊಟ್ಟರು, ಸ್ಕೋರು 2-2. ತಿಖನೊವ್ ಸಿಟ್ಟಿನಲ್ಲಿ, ಜಗತ್ತಿನ ಶ್ರೇಷ್ಠ ಗೋಲಿ ಅಂತ ಎಲ್ಲರೂ ಒಪ್ಪುತ್ತಿದ್ದ ಆ ಟ್ರೆಟಿಯಾಕ್‌ರನ್ನೇ ಕೂರಿಸಿಬಿಟ್ಟರು. ಸೋವಿಯತ್ ತಂಡ 4-3ರಲ್ಲಿ ಸೋತಿತು. ಅದು ನನ್ನ ಜೀವನದ ದೊಡ್ಡ ತಪ್ಪು ಅಂತ ಮುಂದೆ ತಿಖನೊವ್ ಅವರೇ ಒಪ್ಪಿಕೊಂಡರು. ಶಿಕ್ಷೆ ಕೊಡುವುದು ಅಭ್ಯಾಸವಾಗಿಬಿಟ್ಟರೆ, ಕೊಡಬಾರದ ಹೊತ್ತಲ್ಲೂ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಆ ಪಂದ್ಯದಲ್ಲಿ ಎದುರು ಬೆಂಚಿನಲ್ಲಿದ್ದ ಹರ್ಬ್ ಬ್ರೂಕ್ಸ್ ಕೂಡ ಸುಲಭದ ಮನುಷ್ಯ ಅಲ್ಲ. ಒಲಿಂಪಿಕ್ಸ್‌ಗೆ ಕೆಲವು ತಿಂಗಳ ಮೊದಲು, 1979ರ ಸೆಪ್ಟೆಂಬರ್‌ನಲ್ಲಿ, ನಾರ್ವೆ ವಿರುದ್ಧ ಸುಮ್ನೆ ಕಾಲ ಕಳೆದ ಹಾಗೆ ಆಡಿ 3-3 ಡ್ರಾ ಮಾಡಿಕೊಂಡ ತನ್ನ ಹುಡುಗರನ್ನು ಪಂದ್ಯ ಮುಗಿದ ಮೇಲೆ ಮತ್ತೆ ಐಸ್ ಮೇಲೆ ನಿಲ್ಲಿಸಿ, ಈ ಗೆರೆಯಿಂದ ಆ ಗೆರೆಗೆ, ಅಲ್ಲಿಂದ ವಾಪಸ್, ಅಂತ ಓಡಿಸುತ್ತಲೇ ಇದ್ದರು. ಅಂಗಳದವರು ದೀಪ ಆರಿಸಿದರು, ಕತ್ತಲಲ್ಲೂ ಓಡಿಸಿದರು. ಪಕ್ ಇಲ್ಲದೆ ಬರೀ ಓಡಿಸುವ ಈ ಶಿಕ್ಷೆಗೆ ಬ್ಯಾಗ್ ಸ್ಕೇಟ್ ಅನ್ನುವ ಹೆಸರಿದೆ. ಆದರೆ ಬ್ರೂಕ್ಸ್ ಜೊತೆಗೆ ಕ್ರೇಗ್ ಪ್ಯಾಟ್ರಿಕ್ ಅನ್ನುವ ಸಹಾಯಕ ಕೋಚ್ ಇದ್ದರು, ಹುಡುಗರು ಹೋಗಿ ಮನಸ್ಸು ಬಿಚ್ಚಿ ಮಾತಾಡಲು ಅವರಿದ್ದರು. ಮನೆಯಲ್ಲಿ ಅಪ್ಪ ಗದರಿದರೆ ಅಮ್ಮನ ಹತ್ತಿರ ಹೋಗುವ ಹಾಗೆ. ಇವತ್ತಿಗೂ ಬಿಗಿ ಕೋಚ್ ಇರುವ ಎಷ್ಟೋ ತಂಡಗಳಲ್ಲಿ ಈ ಏರ್ಪಾಟು ಇರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ ಅಷ್ಟೇ.

ತಿಖನೊವ್ ಕಥೆಗೆ ಇನ್ನೊಂದು ಭಾಗ ಇದೆ, ಅದಕ್ಕೆ ಮೊದಲು ಸ್ಕಾಟಿ ಬೋಮನ್ ಬಗ್ಗೆ ಹೇಳಬೇಕು. ಎನ್‌ಎಚ್‌ಎಲ್‌ನಲ್ಲಿ ಕೋಚ್ ಆಗಿ 9 ಸ್ಟ್ಯಾನ್ಲಿ ಕಪ್ ಗೆದ್ದವರು ಅವರೊಬ್ಬರೇ. ಮಾಂಟ್ರಿಯಲ್‌ನಲ್ಲಿ 5, ಪಿಟ್ಸ್‌ಬರ್ಗ್‌ನಲ್ಲಿ 1, ಡೆಟ್ರಾಯಿಟ್‌ನಲ್ಲಿ 3. ಮಾಂಟ್ರಿಯಲ್‌ನಲ್ಲಿ ಅವರ ಕೈಕೆಳಗೆ ಆಡಿದ ಸ್ಟೀವ್ ಶಟ್ ಹೇಳಿದ ಮಾತು ಹಾಕಿ ಲೋಕದಲ್ಲಿ ಗಾದೆಯೇ ಆಗಿದೆ: ವರ್ಷದಲ್ಲಿ 364 ದಿನ ಅವರನ್ನು ದ್ವೇಷಿಸುತ್ತಿದ್ದೆವು, 365ನೇ ದಿನ ಸ್ಟ್ಯಾನ್ಲಿ ಕಪ್ ಗೆದ್ದವರಿಗೆ ಕೊಡುವ ಉಂಗುರ ಕೈಗೆ ಬರುತ್ತಿತ್ತು. ಬೋಮನ್ ಯಾರಿಗೂ ಹೆಚ್ಚು ವಿವರಿಸುತ್ತಿರಲಿಲ್ಲ. ಆಟಗಾರರು ಸದಾ ಊಹಿಸುತ್ತಿರಬೇಕು, ನಾಳೆ ನನಗೆ ಜಾಗ ಇದೆಯೋ ಇಲ್ಲವೋ ಅಂತ. ಯಾಕೆ ಕೂರಿಸಿದ್ದಾರೆ ಅಂತ ಆಟಗಾರನಿಗೆ ಗೊತ್ತಿರಬೇಕು ಅಂತ ಮೇಲೆ ನಾನು ಹೇಳಿದ್ದಕ್ಕೆ ಇದು ವಿರುದ್ಧವಾಗಿದೆ, ಒಪ್ಪುತ್ತೇನೆ. ಆದರೆ ಬೋಮನ್ ಹತ್ತಿರ ವಿವರಣೆಯ ಬದಲು ಇನ್ನೊಂದು ಇತ್ತು. ಅವರು ಹೇಳಿದ ಹಾಗೆ ಆಡಿದರೆ ಗೆಲ್ಲುತ್ತೇವೆ ಅನ್ನುವುದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಗೆಲುವೇ ಅವರ ಉತ್ತರ. 1976-77ರಲ್ಲಿ ಅವರ ಮಾಂಟ್ರಿಯಲ್ 80 ಪಂದ್ಯಗಳಲ್ಲಿ ಸೋತದ್ದು ಬರೀ ಎಂಟು. ಆಗ ಮಾಡಿದ 132 ಪಾಯಿಂಟಿನ ದಾಖಲೆಯನ್ನೇ ಮಾಂಟ್ಗೊಮರಿಯ ಬಾಸ್ಟನ್ ಮುರಿದದ್ದು.

ಆದರೆ ಬೋಮನ್‌ರನ್ನು ಬರೀ ದರ್ಪದ ಮನುಷ್ಯ ಅಂದುಕೊಂಡರೆ ತಪ್ಪಾಗುತ್ತದೆ. 1991ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಮೊದಲ ಸಲ ಕಪ್ ಗೆದ್ದಾಗ ಕೋಚ್ ಆಗಿದ್ದವರು ಬಾಬ್ ಜಾನ್ಸನ್. ಸದಾ ಉತ್ಸಾಹ, ಸದಾ ಒಳ್ಳೆ ಮಾತು. ಹಾಕಿ ಆಡಲು ಇವತ್ತು ಎಂಥಾ ಒಳ್ಳೇ ದಿನ, ಇದು ಅವರ ಬಾಯಲ್ಲಿ ದಿನಾ ಬರುತ್ತಿದ್ದ ಮಾತು. ಅದೇ ವರ್ಷ ಅವರಿಗೆ ಮೆದುಳಿನ ಕ್ಯಾನ್ಸರ್ ಆಯಿತು, ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಜಾಗದಲ್ಲಿ ನಿಂತವರು ಬೋಮನ್. ಅಂಥ ಪ್ರೀತಿಯ ಮನುಷ್ಯ ಹೋದ ಮೇಲೆ, ದುಃಖದಲ್ಲಿರುವ ತಂಡಕ್ಕೆ ಇಂಥ ಕಟ್ಟುನಿಟ್ಟಿನ ಕೋಚ್. ಆಟಗಾರರಿಗೆ ಅವರ ಅಭ್ಯಾಸದ ರೀತಿ ಹಿಡಿಸಲಿಲ್ಲ, ಹೇಳಿಯೂ ಬಿಟ್ಟರು. ಬೋಮನ್ ಹಟ ಹಿಡಿಯಲಿಲ್ಲ. ಅಭ್ಯಾಸವನ್ನು ಬಹುಪಾಲು ಸಹಾಯಕರಿಗೆ ಬಿಟ್ಟು, ಪಂದ್ಯದ ಹೊತ್ತಿಗೆ ಬೆಂಚ್ ನಡೆಸುವುದನ್ನು ತಾವು ಇಟ್ಟುಕೊಂಡರು. 1992ರಲ್ಲಿ ಮತ್ತೆ ಕಪ್ ಬಂತು. ಒಂದೇ ತಂಡ, ಅದೇ ಮಾರಿಯೋ ಲೆಮ್ಯೂ, ಅದೇ ಯಾಗ್ರ್, ಎರಡು ವರ್ಷ, ಎರಡು ತದ್ವಿರುದ್ಧ ಸ್ವಭಾವದ ಕೋಚ್‌ಗಳು, ಎರಡು ಕಪ್.

ಇನ್ನು ಆ ರಷ್ಯನ್ನರ ವಿಷಯ. 1988ರಲ್ಲಿ ಲರಿಯೊನೊವ್ ತಿಖನೊವ್ ವಿರುದ್ಧ ಒಗೊನ್ಯೋಕ್ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಆ ಕಾಲದ ಸೋವಿಯತ್ ಒಕ್ಕೂಟದಲ್ಲಿ ಅದಕ್ಕೆ ಎಂಥ ಗುಂಡಿಗೆ ಬೇಕು ಯೋಚಿಸಿ. ಮುಂದಿನ ವರ್ಷ ಅವರು, ಫೆಟಿಸೊವ್ ಮತ್ತೆ ಕೆಲವರು ಎನ್‌ಎಚ್‌ಎಲ್‌ಗೆ ಬಂದರು. ಬೇರೆ ಬೇರೆ ತಂಡಗಳಲ್ಲಿ ಸುತ್ತಾಡಿ 1995ರ ಹೊತ್ತಿಗೆ ಇಬ್ಬರೂ ಡೆಟ್ರಾಯಿಟ್ ಸೇರಿದರು. ಅಲ್ಲಿ ಕೋಚ್ ಬೋಮನ್. ಅವರೇನು ಮಾಡಿದರು ಅಂದರೆ, ಈ ಇಬ್ಬರ ಜೊತೆ ಫೆಡೊರೊವ್, ಕೊಜ್ಲೊವ್, ಕಾನ್‌ಸ್ಟಾಂಟಿನೊವ್ ಮೂವರನ್ನೂ ಸೇರಿಸಿ ಐವರು ರಷ್ಯನ್ನರನ್ನು ಒಟ್ಟಿಗೆ ಐಸ್ ಮೇಲೆ ಬಿಟ್ಟರು, ನಿಮಗೆ ಗೊತ್ತಿರುವ ಹಾಗೆ ಆಡಿ ಅಂತ. ಉತ್ತರ ಅಮೆರಿಕದಲ್ಲಿ ಪಕ್ಕನ್ನು ಎದುರಾಳಿಯ ಮೂಲೆಗೆ ಬೀಸಿ ಹಿಂದೆ ಓಡುವ ರೂಢಿ. ಇವರು ಪಕ್ ಬಿಟ್ಟುಕೊಡದೆ, ಬೇಕೆಂದರೆ ಹಿಂದಕ್ಕೆ ತಿರುಗಿ ಮತ್ತೆ ಕಟ್ಟುತ್ತಾ ಬರುವವರು. ಆ ಕಾಲದ ಅತಿ ಬಿಗಿ ಕೋಚ್‌ಗಳಲ್ಲಿ ಒಬ್ಬರು ಆ ಐವರನ್ನು ಅವರ ಪಾಡಿಗೆ ಬಿಟ್ಟರು. ಮತ್ತೊಂದು ಕಡೆ ಅದೇ ತಂಡದ ನಾಯಕ ಸ್ಟೀವ್ ಐಸರ್ಮನ್, 1988-89ರಲ್ಲಿ ಒಂದೇ ಸೀಸನ್‌ನಲ್ಲಿ 155 ಪಾಯಿಂಟ್ (ಆಟಗಾರನ ಲೆಕ್ಕದಲ್ಲಿ ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಮಾಡಿದ್ದ ಮಹಾ ಗೋಲುಗಾರ, ಅವರಿಗೆ ಮಾತ್ರ ನೀನು ಹಿಂದೆ ಬಂದು ರಕ್ಷಣೆ ಮಾಡುವುದನ್ನೂ ಕಲಿಯಬೇಕು ಅಂತ ಪಟ್ಟು ಹಿಡಿದರು. ಐಸರ್ಮನ್ ಕಲಿತರು, ಅವರ ಗೋಲುಗಳು ಕಡಿಮೆ ಆದವು, ತಂಡ ಮೇಲೆ ಬಂತು. 1997ರಲ್ಲಿ 42 ವರ್ಷಗಳ ನಂತರ ಡೆಟ್ರಾಯಿಟ್‌ಗೆ ಕಪ್ ಬಂದಾಗ ಫೆಟಿಸೊವ್ ಮತ್ತು ಲರಿಯೊನೊವ್ ಇಬ್ಬರೂ ಸೇರಿ ಅದನ್ನು ಹಿಡಿದುಕೊಂಡು ಐಸ್ ಸುತ್ತಿದರು. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಆ ಶಿಬಿರದ ಹನ್ನೊಂದು ತಿಂಗಳು ನೆನಪಾಗುತ್ತದೆ.

ಬಿಗಿತನಕ್ಕೂ ಬೇರೆ ಬೇರೆ ಜಾಗ ಇದೆ. ದನಿಯಲ್ಲಿ ಇರಬಹುದು, ಆಟದ ಯೋಜನೆಯಲ್ಲಿ ಇರಬಹುದು, ಮನುಷ್ಯನ ನಡವಳಿಕೆಯ ಮೇಲೆ ಇರಬಹುದು. ಬೋಮನ್ ಕೈಕೆಳಗೆ ಮಾಂಟ್ರಿಯಲ್‌ನಲ್ಲಿ ಆಡಿದ್ದ ಜಾಕ್ ಲಮೇರ್ 1995ರಲ್ಲಿ ನ್ಯೂಜೆರ್ಸಿ ಡೆವಿಲ್ಸ್‌ಗೆ ಕಪ್ ಗೆಲ್ಲಿಸಿದರು, ಫೈನಲ್‌ನಲ್ಲಿ ತಮ್ಮ ಹಳೇ ಗುರು ಬೋಮನ್‌ರ ಡೆಟ್ರಾಯಿಟನ್ನು 4-0 ಹೊಡೆದು. ಲಮೇರ್ ಕೂಗಾಟಕ್ಕೆ ಹೆಸರಾದವರಲ್ಲ, ಪಾಠ ಹೇಳುವ ಮೇಷ್ಟ್ರ ಥರ. ಆದರೆ ಅವರ ಆಟ ಉಸಿರುಗಟ್ಟುವಷ್ಟು ಬಿಗಿ: ಅಂಗಳದ ನಡುಭಾಗದಲ್ಲಿ ಬಲೆ ಬೀಸಿದ ಹಾಗೆ ನಿಂತು ಎದುರಾಳಿಯನ್ನು ಮುಂದೆ ಬರಲು ಬಿಡದ ಆಟ, ಅದರಲ್ಲಿ ಪ್ರತಿಯೊಬ್ಬನೂ ತನ್ನ ಜಾಗ ಬಿಟ್ಟು ಕದಲುವಂತಿಲ್ಲ. ಇದಕ್ಕೆ ಪೂರ್ತಿ ಉಲ್ಟಾ ಜಾನ್ ಟೋರ್ಟರೆಲ್ಲಾ. ಬೆಂಕಿ ಕಾರುವ ಮನುಷ್ಯ. 2014ರ ಜನವರಿಯಲ್ಲಿ ವ್ಯಾಂಕೂವರ್ ಕೋಚ್ ಆಗಿದ್ದಾಗ ಎದುರಾಳಿ ಕ್ಯಾಲ್ಗರಿಯ ಡ್ರೆಸ್ಸಿಂಗ್ ರೂಮಿಗೇ ನುಗ್ಗಲು ಹೋಗಿ 15 ದಿನ ಅಮಾನತಾದವರು. ಆದರೆ 2004ರಲ್ಲಿ ಟ್ಯಾಂಪಾ ಬೇಗೆ ಕಪ್ ಗೆಲ್ಲಿಸಿದಾಗ ಅವರ ಮಂತ್ರ ಏನಿತ್ತು ಗೊತ್ತಾ? ಜೋಪಾನವಾಗಿ ಆಡುವುದೇ ಸಾವು. ನುಗ್ಗಿ, ತಪ್ಪಾದರೂ ಪರವಾಗಿಲ್ಲ, ಅಂತ. ಬೈಗುಳ ಬಿಗಿ, ಆಟ ಸಡಿಲ. ಹಾಗಾಗಿ ಯಾರಾದರೂ ಬಂದು ಆ ಕೋಚ್ ತುಂಬಾ ಸ್ಟ್ರಿಕ್ಟ್ ಅಂದರೆ, ಯಾವುದರಲ್ಲಿ ಅಂತ ಕೇಳುವುದು ಒಳ್ಳೆಯದು.

ಸುಡುವ ಬೆಂಕಿ ಬೇಗ ಬೂದಿ ಆಗುವುದಕ್ಕೆ ಉದಾಹರಣೆ ಬೇಕಾದರೆ ಮೈಕ್ ಕೀನನ್. ಐರನ್ ಮೈಕ್ ಅಂತಲೇ ಕರೆಯುತ್ತಿದ್ದರು. ಪಂದ್ಯದ ನಡುವೆ ಗೋಲಿಯನ್ನು ಹೊರಗೆ ಕರೆಯುವುದು, ಮತ್ತೆ ಕಳಿಸುವುದು, ತಾರೆಗಳನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಳ್ಳುವುದು. 1994ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ 54 ವರ್ಷಗಳ ನಂತರ ಕಪ್ ತಂದುಕೊಟ್ಟರು, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಆದರೆ ಒಂದೇ ಸೀಸನ್. ಜಗಳ ಮಾಡಿಕೊಂಡು ಸೇಂಟ್ ಲೂಯಿಸ್‌ಗೆ ಹೋದರು. ಅಲ್ಲಿ ತಂಡದ ಕಣ್ಮಣಿ ಬ್ರೆಟ್ ಹಲ್‌ರಿಂದ ನಾಯಕತ್ವ ಕಿತ್ತುಕೊಂಡರು. ಈ ಆಟದ ಅತಿ ದೊಡ್ಡ ಹೆಸರಾದ ವೇಯ್ನ್ ಗ್ರೆಟ್ಸ್ಕಿಯಂಥವರು 1996ರ ಫೆಬ್ರವರಿಯಲ್ಲಿ ಆ ತಂಡಕ್ಕೆ ಬಂದರೂ ಅದೇ ಬೇಸಿಗೆಯಲ್ಲಿ ಹೊರಟುಹೋದರು. ಡಿಸೆಂಬರ್‌ನಲ್ಲಿ ಕೀನನ್‌ಗೆ ಬಾಗಿಲು ತೋರಿಸಿದರು, ಹಲ್ ಉಳಿದರು.

ಹಲ್ ಉಳಿದರು ಅನ್ನುವಲ್ಲಿ ಕಾಲ ಬದಲಾದದ್ದು ಕಾಣುತ್ತದೆ. ಹಿಂದೆ, 1967ರ ತನಕ, ಲೀಗಿನಲ್ಲಿ ಇದ್ದದ್ದೇ ಆರು ತಂಡ. ಕೋಚ್ ಜೊತೆ ಮುಖ ಕೆಡಿಸಿಕೊಂಡರೆ ಹೋಗಲು ಬೇರೆ ಜಾಗ ಇರಲಿಲ್ಲ, ಕೆಳಗಿನ ಲೀಗಿಗೆ ತಳ್ಳಿದರೆ ಅಲ್ಲೇ ಕೊಳೆಯಬೇಕು. ಈಗ 32 ತಂಡ. ಒಳ್ಳೆ ಆಟಗಾರನಿಗೆ ಏಳೆಂಟು ವರ್ಷದ ಒಪ್ಪಂದ ಇರುತ್ತದೆ, ಎಷ್ಟೋ ಜನರಿಗೆ ನನ್ನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಅನ್ನುವ ಷರತ್ತೂ ಇರುತ್ತದೆ. ಆಟಗಾರರ ಸಂಬಳಕ್ಕೆ 2005ರಿಂದ ಪ್ರತಿ ತಂಡಕ್ಕೂ ಒಂದು ಮಿತಿ ಇದೆ, ಆ ಲೆಕ್ಕದಲ್ಲಿ ಕೋಚ್ ಸಂಬಳ ಬರುವುದಿಲ್ಲ. ಹಾಗಿದ್ದಾಗ ಕೋಚ್‌ಗೂ ತಂಡಕ್ಕೂ ಆಗಿಬರದಿದ್ದರೆ ಜನರಲ್ ಮ್ಯಾನೇಜರ್ ಏನು ಮಾಡುತ್ತಾನೆ? 20 ಜನರನ್ನು ಬದಲಿಸಲು ಆಗುವುದಿಲ್ಲ, ಒಬ್ಬನನ್ನು ಬದಲಿಸುತ್ತಾನೆ. ಇದು ಎಲ್ಲರಿಗೂ ಗೊತ್ತು, ಕೋಚ್‌ಗಂತೂ ಚೆನ್ನಾಗಿ ಗೊತ್ತು. ಹೆದರಿಸಿ ಕೆಲಸ ತೆಗೆಯಬೇಕಾದರೆ ಹೆದರಿಸುವವನ ಕೈಲಿ ಅಧಿಕಾರ ಇರಬೇಕು ಅಲ್ವಾ. ಅದು ಕೈ ಜಾರಿದೆ. ಇವತ್ತಿನ ಕೋಚ್‌ಗಳು ಮೃದುವಾದದ್ದು ಬರೀ ಒಳ್ಳೇತನದಿಂದ ಅಂತ ನಾನು ನಂಬುವುದಿಲ್ಲ, ಈ ಲೆಕ್ಕಾಚಾರವೂ ಅದರಲ್ಲಿದೆ.

ಸೀಸನ್ ನಡುವೆ ಕೋಚ್ ಬದಲಿಸಿ ಕಪ್ ಗೆದ್ದ ತಂಡಗಳೂ ಇವೆ. 2009ರಲ್ಲಿ ಪಿಟ್ಸ್‌ಬರ್ಗ್ ಕಟ್ಟುನಿಟ್ಟಿನ ಮಿಶೆಲ್ ತೆರಿಯೆನ್‌ರನ್ನು ಫೆಬ್ರವರಿಯಲ್ಲಿ ತೆಗೆದು, ಹಸನ್ಮುಖಿ ಡ್ಯಾನ್ ಬೈಲ್ಸ್ಮಾರನ್ನು ತಂದು ಜೂನ್‌ನಲ್ಲಿ ಕಪ್ ಗೆದ್ದಿತು. ಆಹಾ, ಸಡಿಲವೇ ಸರಿ ಅನ್ನಬೇಡಿ. 2011ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಕರೆತಂದದ್ದು ಆಲ್ಬರ್ಟಾದ ರೈತಾಪಿ ಮನೆತನದ ಡ್ಯಾರಿಲ್ ಸಟ್ಟರ್‌ರನ್ನು, ನಗು ಅಂದರೆ ಏನು ಅಂತ ಕೇಳುವಂಥ ಗಟ್ಟಿ ಮನುಷ್ಯ. ಅವರು 2012ರಲ್ಲೂ 2014ರಲ್ಲೂ ಕಪ್ ಕೊಟ್ಟರು. ಊಟದಲ್ಲಿ ಬರೀ ಖಾರ ತಿಂದವನಿಗೆ ಮೊಸರು ಹಿತ, ಬರೀ ಮೊಸರನ್ನ ತಿಂದವನಿಗೆ ಉಪ್ಪಿನಕಾಯಿ ಬೇಕು ಅನ್ನಿಸುತ್ತದೆ. ಹೊಸ ಕೋಚ್ ಬಂದಾಗ ಆಗುವುದು ಬಹಳ ಸಲ ಇಷ್ಟೇ. ಹಾಗೇ ಪ್ರತಿ ದನಿಗೂ ಆಯಸ್ಸು ಇದೆ. ಒಂದೇ ಮಾತನ್ನು ನಾಲ್ಕು ವರ್ಷ ಕೇಳಿದ ಮೇಲೆ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಬಿಗಿ ದನಿಗೆ ಸ್ವಲ್ಪ ಬೇಗ. 2021ರ ಡಿಸೆಂಬರ್‌ನಲ್ಲಿ ಪಾಲ್ ಮಾರಿಸ್, ಈ ತಂಡಕ್ಕೆ ಇನ್ನು ಬೇರೆ ದನಿ ಬೇಕು ಅಂತ ತಾವೇ ವಿನ್ನಿಪೆಗ್ ಬಿಟ್ಟು ಎದ್ದು ಬಂದರು. ಅಂಥ ಪ್ರಾಮಾಣಿಕತೆ ಅಪರೂಪ. ಮುಂದೆ ಫ್ಲಾರಿಡಾಗೆ ಹೋಗಿ 2024, 2025 ಎರಡೂ ವರ್ಷ ಕಪ್ ಗೆದ್ದರು. ಬಾಸ್ಟನ್‌ನ ದಾಖಲೆ ಸೀಸನ್ ಮುಗಿಸಿದ ಆ ಫ್ಲಾರಿಡಾಗೂ ಅವರೇ ಕೋಚ್.

ಆಯಸ್ಸು ಮೀರಿ ಬಾಳಿದ ದನಿ ಜಾನ್ ಕೂಪರ್ ಅವರದ್ದು. ಮೊದಲು ವಕೀಲರಾಗಿದ್ದವರು. 2013ರಲ್ಲಿ ಟ್ಯಾಂಪಾ ಸೇರಿದರು. ಆಟಗಾರರನ್ನು ನಂಬುವ, ಹಾಸ್ಯ ಮಾಡುವ, ಸಡಿಲ ಬಿಡುವ ಕೋಚ್ ಅಂತ ಹೆಸರು. 2018-19ರಲ್ಲಿ ಅವರ ತಂಡ 62 ಪಂದ್ಯ ಗೆದ್ದು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ಕೈಲಿ 0-4 ಸೋತಿತು. ಕೊಲಂಬಸ್ ಕೋಚ್ ಟೋರ್ಟರೆಲ್ಲಾ! ಶಿಸ್ತಿಲ್ಲದೆ ಹೀಗಾಯಿತು ಅಂತ ಎಲ್ಲರೂ ಮಾತಾಡಿದರು. ಟ್ಯಾಂಪಾ ಮಾತ್ರ ಕೂಪರ್‌ರನ್ನು ಬಿಡಲಿಲ್ಲ. 2020, 2021 ಎರಡೂ ಕಪ್ ಅವರದ್ದೇ ಆಯಿತು. ಆ ಸೋಲಿನ ಮರುದಿನ ಅವರನ್ನು ತೆಗೆದಿದ್ದರೆ, ಸಡಿಲ ಕೋಚ್ ಪ್ಲೇಆಫ್ ಗೆಲ್ಲಲಾರ ಅನ್ನುವುದು ಶಾಸನ ಆಗಿಬಿಡುತ್ತಿತ್ತು.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಕಣ್ಣಿಗೆ ಕಟ್ಟುವ ಉದಾಹರಣೆ ಕೋಲ್ ಕಾಫೀಲ್ಡ್. ಮಾಂಟ್ರಿಯಲ್‌ನ ಈ ಕುಳ್ಳ ಹುಡುಗನಿಗೆ ಆಗ 21 ವರ್ಷ, ಹುಟ್ಟು ಗೋಲುಗಾರ. 2021-22ರ ಸೀಸನ್‌ನಲ್ಲಿ ಮೊದಲ 30 ಪಂದ್ಯಗಳಲ್ಲಿ ಅವನು ಹೊಡೆದದ್ದು ಒಂದೇ ಗೋಲು. ನಡುವೆ ಕೆಳಗಿನ ಲೀಗಿಗೂ ಕಳಿಸಿದ್ದರು. ಫೆಬ್ರವರಿಯಲ್ಲಿ ಕೋಚ್ ಬದಲಾಗಿ ಮಾರ್ಟಿನ್ ಸೇಂಟ್ ಲೂಯಿ ಬಂದರು. ಅವರಿಗೆ ವೃತ್ತಿಪರ ತಂಡದ ಕೋಚಿಂಗ್ ಅನುಭವ ಸೊನ್ನೆ, ತಮ್ಮ ಮಕ್ಕಳ ತಂಡಗಳಿಗೆ ಹೇಳಿಕೊಡುತ್ತಿದ್ದವರು. ಉಳಿದ 37 ಪಂದ್ಯಗಳಲ್ಲಿ ಕಾಫೀಲ್ಡ್ 22 ಗೋಲು ಹೊಡೆದ. ಅದೇ ಹುಡುಗ, ಅದೇ ಸೀಸನ್, ಅದೇ ತಂಡ. ತಂಡವೇನೂ ಸುಧಾರಿಸಿರಲಿಲ್ಲ, ಆ ವರ್ಷ ಮಾಂಟ್ರಿಯಲ್ ಲೀಗಿನಲ್ಲೇ ಕೊನೆ. ಬದಲಾಗಿದ್ದು ಒಂದೇ: ತಪ್ಪು ಮಾಡಿದರೂ ನಿನ್ನ ಮುಂದಿನ ಶಿಫ್ಟ್ ನಿನ್ನದೇ ಅನ್ನುವ ಭರವಸೆ. ಗೋಲು ಹೊಡೆಯುವುದು ಒಂದು ಕ್ಷಣದ ಕೆಲಸ, ಅಲ್ಲಿ ಅರೆಕ್ಷಣ ಅನುಮಾನ ಬಂದರೂ ಗೋಲಿ ಜಾಗಕ್ಕೆ ಬಂದು ನಿಂತಿರುತ್ತಾನೆ. ಹೆದರಿಕೆ ರಕ್ಷಣೆಯನ್ನು ಕಲಿಸಬಹುದು, ಗೋಲು ಹೊಡೆಯುವುದನ್ನು ಕಲಿಸಲಾರದು.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಸೇಂಟ್ ಲೂಯಿ ಆಟಗಾರರಾಗಿ ಬೆಳೆದದ್ದು ಟ್ಯಾಂಪಾದಲ್ಲಿ, ಅದೇ ಬೆಂಕಿಯ ಟೋರ್ಟರೆಲ್ಲಾ ಕೈಕೆಳಗೆ. ಕುಳ್ಳ ಅಂತ, ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಅವರು 2004ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಗುರುವಿನಿಂದ ಅವರು ತೆಗೆದುಕೊಂಡದ್ದು ಬೈಗುಳವನ್ನಲ್ಲ, ನುಗ್ಗಿ ಆಡು ಅನ್ನುವುದನ್ನು.

ಬಾಸ್ಟನ್‌ನ ಜೇಕ್ ಡೆಬ್ರಸ್ಕ್ ಲೆಕ್ಕ ಅಷ್ಟು ಸರಳ ಇಲ್ಲ, ಅದನ್ನೂ ಹೇಳಬೇಕು. ಕ್ಯಾಸಿಡಿ ಅವರನ್ನು ಕೂರಿಸಿದ್ದರು, ಅವರು ಬೇರೆ ತಂಡಕ್ಕೆ ಕಳಿಸಿ ಅಂತ 2021ರಲ್ಲಿ ಕೇಳಿಕೊಂಡಿದ್ದರು, ಕ್ಯಾಸಿಡಿ ಹೋದ ಮೇಲೆ ಆ ಕೋರಿಕೆ ವಾಪಸ್ ಪಡೆದರು. ಮಾಂಟ್ಗೊಮರಿ ಕೈಕೆಳಗೆ 64 ಪಂದ್ಯಗಳಲ್ಲಿ 27 ಗೋಲು. ಚೆನ್ನಾಗಿದೆ. ಆದರೆ ಅದರ ಹಿಂದಿನ ವರ್ಷ, ಅವರಿಗೆ ಸಹಿಸಲಾಗದ ಕ್ಯಾಸಿಡಿ ಕೈಕೆಳಗೇ, 77 ಪಂದ್ಯಗಳಲ್ಲಿ 25 ಹೊಡೆದಿದ್ದರು. ಮನಸ್ಸು ಹಗುರಾಯಿತು, ಆಟ ಸ್ವಲ್ಪ ಮೇಲೆ ಹೋಯಿತು, ಅಷ್ಟೇ.

ಬಿಗಿತನ ಎಲ್ಲಿ ಬಿಗಿತನವಾಗಿ ಉಳಿಯುವುದಿಲ್ಲ ಅನ್ನುವುದನ್ನು ಬಿಟ್ಟು ಈ ವಿಷಯ ಮುಗಿಸಲಾಗುವುದಿಲ್ಲ. ಮೈಕ್ ಬ್ಯಾಬ್ಕಾಕ್ 2008ರಲ್ಲಿ ಡೆಟ್ರಾಯಿಟ್‌ಗೆ ಕಪ್, 2010 ಮತ್ತು 2014ರಲ್ಲಿ ಕೆನಡಾಗೆ ಒಲಿಂಪಿಕ್ ಚಿನ್ನ ಗೆಲ್ಲಿಸಿದ ದೊಡ್ಡ ಹೆಸರು. ಟೊರಾಂಟೊ ಅವರಿಗೆ ಎಂಟು ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಅಲ್ಲಿ ಮಿಚ್ ಮಾರ್ನರ್ ಅನ್ನುವ 19 ವರ್ಷದ ಹೊಸ ಹುಡುಗನಿಗೆ, ತಂಡದವರಲ್ಲಿ ಯಾರು ಜಾಸ್ತಿ ಕಷ್ಟಪಡುತ್ತಾರೆ ಯಾರು ಕಡಿಮೆ ಅಂತ ಪಟ್ಟಿ ಬರೆದುಕೊಡು ಅಂದರು. ಕೋಚ್ ಕೇಳಿದಾಗ 19ರ ಹುಡುಗ ಇಲ್ಲ ಅನ್ನುತ್ತಾನಾ? ಬರೆದುಕೊಟ್ಟ. ಕೋಚ್ ಆ ಪಟ್ಟಿಯ ವಿಷಯವನ್ನು ಅದರ ತಳದಲ್ಲಿ ಹೆಸರಿದ್ದ ಹಿರಿಯರಿಗೇ ಹೇಳಿಬಿಟ್ಟರು. ಇದು ಹೊರಗೆ ಬಂದದ್ದು 2019ರ ನವೆಂಬರ್‌ನಲ್ಲಿ, ಅವರನ್ನು ತೆಗೆದ ಮೇಲೆ. ಇದರಲ್ಲಿ ಹಾಕಿ ಎಲ್ಲಿದೆ? ಯಾವ ಆಟ ಸುಧಾರಿಸಿತು? ಅದೇ ತಿಂಗಳು ಕ್ಯಾಲ್ಗರಿಯ ಬಿಲ್ ಪೀಟರ್ಸ್, ಹತ್ತು ವರ್ಷದ ಹಿಂದೆ ಅಕೀಮ್ ಅಲಿಯು ಎಂಬ ಆಟಗಾರನಿಗೆ ಜನಾಂಗೀಯ ನಿಂದನೆ ಮಾಡಿದ್ದು ಬಯಲಾಗಿ ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಲೀಗ್ ಇಂಥ ದೂರುಗಳಿಗೆ ಪ್ರತ್ಯೇಕ ಫೋನ್ ಲೈನ್ ಇಡುವುದಾಗಿ ಘೋಷಿಸಿತು. ಹಳೇ ಕಾಲದ ಕೋಚ್‌ಗಳು ಹಾಗೇ ಇದ್ದರು ಅಂತ ಇದಕ್ಕೆ ಸಮಜಾಯಿಷಿ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೋಮನ್ ಐಸರ್ಮನ್‌ನಿಂದ ಕೇಳಿದ್ದು ಒಂದು ಕೌಶಲವನ್ನು. ಇವರು ಕಿತ್ತುಕೊಂಡದ್ದು ಮರ್ಯಾದೆಯನ್ನು. ಎರಡನ್ನೂ ಬಿಗಿ ಅನ್ನುವ ಒಂದೇ ಪದದಲ್ಲಿ ಕಟ್ಟಬಾರದು.

ಮತ್ತೆ ಕ್ಯಾಸಿಡಿಗೆ ಬರೋಣ. 2023ರ ಜೂನ್ 13, ಲಾಸ್ ವೇಗಸ್. ಫೈನಲ್‌ನ ಐದನೇ ಪಂದ್ಯ, ಗೆದ್ದರೆ ಕಪ್. ವೇಗಸ್ ತಂಡ ಹುಟ್ಟಿದ್ದು 2017ರಲ್ಲಿ, ಉಳಿದ ತಂಡಗಳು ತಲಾ ಒಬ್ಬರಂತೆ ಬಿಟ್ಟುಕೊಟ್ಟ ಆಟಗಾರರಿಂದ ಕಟ್ಟಿದ್ದು. ಬೇರೆಯವರಿಗೆ ಬೇಡವಾದವರ ತಂಡ. ಮೊದಲ ವರ್ಷವೇ ಫೈನಲ್‌ಗೆ ಹೋಗಿ ಸೋತಿದ್ದರು. ಅವರಲ್ಲಿ ಕೆಲವರೇ ಈಗ ಉಳಿದಿದ್ದರು. ಆ ರಾತ್ರಿ ಪಂದ್ಯ ಶುರುವಾಗುವಾಗ ಮೊದಲ ಶಿಫ್ಟ್‌ಗೆ ಯಾರು ಹೋಗಬೇಕು ಅಂತ ಕ್ಯಾಸಿಡಿ ಬರೆದುಕೊಟ್ಟ ಹೆಸರುಗಳು ಇವು: ಕಾರ್ಲ್ಸನ್, ಮಾರ್ಶಸೊ, ಸ್ಮಿತ್, ಮ್ಯಾಕ್‌ನ್ಯಾಬ್, ಥಿಯೊಡೋರ್. ಐವರೂ ಆ ಮೊದಲ ವರ್ಷದವರು. ಅವರು ಬೇಲಿ ದಾಟಿ ಐಸ್ ಮೇಲೆ ನಿಂತರು, ಪಂದ್ಯವನ್ನು ವೇಗಸ್ 9-3ರಲ್ಲಿ ಗೆದ್ದಿತು.